ಮೆರಿಟ್ ಎಂಬ ಪಿತ್ರಾರ್ಜಿತ ಆಸ್ತಿ

ರಿಸಲ್ಟ್‌ಗಳ ಕಾಲ ಬಂತು ಅಂದ್ರೆ ಆ ಫಾರ್ವರ್ಡ್ ಮೆಸೇಜೂ ಬಂತು ಅಂತಲೇ ಲೆಕ್ಕ. ನಿಮಗೂ ಬಂದಿರುತ್ತೆ. "ನಿಮ್ಮ ತಾಯಿಗೆ ಹಾರ್ಟ್ ಆಪರೇಷನ್ ಆಗಬೇಕು. ಮೆರಿಟ್ ಡಾಕ್ಟರ್ ಬೇಕೋ, ಕೋಟಾ ಡಾಕ್ಟರ್ ಬೇಕೋ?" ಕೆಳಗೆ ಎರಡು ನಗುವ ಮುಖ. ಕಳಿಸಿದವರು ಬೇರೆ ಯಾರೂ ಅಲ್ಲ. ನಮ್ಮ ಆಫೀಸಿನವರು, ನಮ್ಮ ಜೊತೆ ಓದಿದವರು, ಏಪ್ರಿಲ್ 14ರಂದು ನಮಗೇ ಶುಭಾಶಯ ಹೇಳಿದವರು.

ಈ ಮೆಸೇಜಿಗೆ ಸಿಟ್ಟಿನಲ್ಲಿ ಉತ್ತರ ಬರೆದು ಬರೆದು ಸುಸ್ತಾದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಈ ಸಲ ಸಿಟ್ಟನ್ನ ಪಕ್ಕಕ್ಕಿಟ್ಟು ಲೆಕ್ಕ ಕೇಳೋಣ ಅಂತ ಕೂತಿದ್ದೀನಿ. ಪೋಸ್ಟ್ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಜಗಳ ಆಡಿ.

ಮೊದಲು ಡಾಕ್ಟರ್ ವಿಷಯಕ್ಕೇ ಬರ್ತೀನಿ. ಮೀಸಲಾತಿ ಇರೋದು ಮೆಡಿಕಲ್ ಕಾಲೇಜಿನ ಒಳಗೆ ಹೋಗುವ ಬಾಗಿಲಲ್ಲಿ. ಹೊರಗೆ ಬರುವ ಬಾಗಿಲಲ್ಲಿ ಇಲ್ಲ. ಎಂಬಿಬಿಎಸ್ ಫೈನಲ್ ಪರೀಕ್ಷೆಯಲ್ಲಿ ಎಸ್‌ಸಿ ಹುಡುಗಿಗೆ ಬೇರೆ ಪ್ರಶ್ನೆಪತ್ರಿಕೆ ಕೊಡಲ್ಲ, ಬೇರೆ ಪಾಸಿಂಗ್ ಮಾರ್ಕ್ಸೂ ಇಲ್ಲ. ಎಲ್ಲರೂ ಬರೆದ ಪರೀಕ್ಷೆ ಬರೆದು, ಎಲ್ಲರೂ ಪಾಸಾದಂಗೇ ಪಾಸಾಗಿ, ಎಲ್ಲರಿಗೂ ಕೊಟ್ಟ ರಿಜಿಸ್ಟ್ರೇಷನ್ನನ್ನೇ ತಗೊಂಡು ಆಕೆ ಡಾಕ್ಟರ್ ಆಗ್ತಾಳೆ. ಇಷ್ಟು ಸರಳ ವಿಷಯ ಗೊತ್ತಿಲ್ಲದೆ ಜೋಕ್ ಮಾಡ್ತಾರೆ ಅಂತ ನಾನು ನಂಬಲ್ಲ. ಗೊತ್ತಿದ್ದೇ ಮಾಡ್ತಾರೆ.

ಸರಿ, ಅವರ ದಾರಿಗೇ ಹೋಗೋಣ. ಮಾರ್ಕ್ಸೇ ಎಲ್ಲಾ ಅಂತ ಒಪ್ಪಿಕೊಳ್ಳೋಣ. 2023ರ ಸೆಪ್ಟೆಂಬರಿನಲ್ಲಿ ಏನಾಯ್ತು ನೆನಪಿದೆಯಾ? ಸ್ನಾತಕೋತ್ತರ ವೈದ್ಯಕೀಯ ಸೀಟುಗಳ ನೀಟ್-ಪಿಜಿ ಕಟಾಫ್ ಅನ್ನ ಎಲ್ಲಾ ವರ್ಗಕ್ಕೂ ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿದರು. ಅಂದ್ರೆ ಪರೀಕ್ಷೆಗೆ ಕೂತಿದ್ದರೆ ಸಾಕು, ಕೌನ್ಸೆಲಿಂಗ್‌ಗೆ ಅರ್ಹ. ಯಾಕೆ ಇಳಿಸಿದರು? ಸೀಟು ಖಾಲಿ ಉಳೀಬಾರದು ಅಂತ. ಖಾಲಿ ಬಿದ್ದ ಖಾಸಗಿ ಸೀಟನ್ನ ಕಟಾಫ್ ಇಳಿದ ಮೇಲೆ ಯಾರು ತುಂಬ್ತಾರೆ? ವರ್ಷಕ್ಕೆ ಹತ್ತಾರು ಲಕ್ಷ ಫೀಸು ಕಟ್ಟೋ ತಾಕತ್ತು ಇರೋರು. ಕೆಲವು ವೈದ್ಯರು ಇದಕ್ಕೆ ತಕರಾರು ತೆಗೆದರು, ಅದು ನಿಜ. ಆದರೆ ಹಾರ್ಟ್ ಆಪರೇಷನ್ನಿನ ಜೋಕು ಮಾತ್ರ ಅವತ್ತು ಯಾರ ಫೋನಿಗೂ ಬರಲಿಲ್ಲ. "ಶೂನ್ಯ ಪರ್ಸೆಂಟೈಲಿನ ಶ್ರೀಮಂತ ಡಾಕ್ಟರ್ ಬೇಕೋ?" ಅಂತ ಯಾರೂ ಕೇಳಲಿಲ್ಲ.

ದುಡ್ಡು ಕಡಿಮೆ ಮಾರ್ಕ್ಸನ್ನ ಮುಚ್ಚಿದರೆ ಅದು ವ್ಯವಸ್ಥೆ. ಸಂವಿಧಾನ ಮುಚ್ಚಿದರೆ ಮೆರಿಟ್‌ಗೆ ಅವಮಾನ. ಇದು ಮೊದಲ ಲೆಕ್ಕ.

ಸೀಟು ಮಾರೋ ವಿಷಯದಲ್ಲಂತೂ ನಮ್ಮ ಕರ್ನಾಟಕ ದೇಶಕ್ಕೇ ಹೆಸರುವಾಸಿ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸೋಕೆ 1984ರಲ್ಲೇ ಇಲ್ಲಿ ಕಾಯ್ದೆ ಮಾಡಬೇಕಾಯ್ತು ಅಂದ್ರೆ ದಂಧೆ ಯಾವ ಮಟ್ಟಕ್ಕೆ ಬೆಳೆದಿತ್ತು ಅಂತ ನೀವೇ ಊಹಿಸಿ. ಅದಾದ ಮೇಲೂ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಹೊರರಾಜ್ಯದವರಿಗೆ 60,000 ರೂ. ತನಕ ಅಂತ ಸರ್ಕಾರವೇ ದರಪಟ್ಟಿ ಹಾಕಿತ್ತು. ಆ ಫೀಸನ್ನ ಪ್ರಶ್ನಿಸಿ ಉತ್ತರ ಪ್ರದೇಶದಿಂದ ಬಂದ ಮೋಹಿನಿ ಜೈನ್ ಕೇಸಿನಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್, ಇದು ಶಿಕ್ಷಣದ ಮಾರಾಟ, ನಡೆಯಲ್ಲ ಅಂತು. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಅಂತಾಯ್ತು. ಅದನ್ನ 2002ರ ಟಿಎಂಎ ಪೈ ತೀರ್ಪು ಎತ್ತಿಹಾಕಿತು. 2005ರ ಇನಾಮ್ದಾರ್ ತೀರ್ಪು ಬಂದಾಗ ಎರಡು ಮಾತು ಒಟ್ಟಿಗೆ ಬಂದವು. ಸರ್ಕಾರದ ಅನುದಾನ ಪಡೆಯದ ಖಾಸಗಿ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವ ಹಾಗಿಲ್ಲ ಅನ್ನೋದು ಒಂದು. ಎನ್ನಾರೈಗಳಿಗೆ ಶೇ. 15ರ ತನಕ ಸೀಟು ಇಡಬಹುದು ಅನ್ನೋದು ಇನ್ನೊಂದು.

ಎರಡೂ ಒಂದೇ ತೀರ್ಪಿನಲ್ಲಿ! ಶತಮಾನಗಟ್ಟಲೆ ಅಕ್ಷರದಿಂದ ದೂರ ಇಟ್ಟವರ ಮಕ್ಕಳಿಗೆ ಪಾಲು ಕೊಟ್ಟರೆ ಕಾಲೇಜಿನ ಸ್ವಾತಂತ್ರ್ಯಕ್ಕೆ ಧಕ್ಕೆ. ಅಪ್ಪ ಅಮೆರಿಕದಲ್ಲೋ ದುಬೈನಲ್ಲೋ ಇದ್ದಾನೆ ಅನ್ನೋದು ಮಾತ್ರ ಒಂದು ಅರ್ಹತೆ. ಈ ಎನ್ನಾರೈ ಕೋಟಾಕ್ಕೆ ದೂರದ ಸಂಬಂಧಿಕರನ್ನೂ ಸೇರಿಸೋಕೆ ಪಂಜಾಬ್ ಸರ್ಕಾರ ಹೊರಟಾಗ, 2024ರಲ್ಲಿ ಸುಪ್ರೀಂ ಕೋರ್ಟೇ ಅದನ್ನ ವಂಚನೆ ಅಂತ ಕರೀಬೇಕಾಯ್ತು. ಚಿಕ್ಕಪ್ಪನ ಪಾಸ್‌ಪೋರ್ಟಿನ ಮೇಲೆ ಮೆಡಿಕಲ್ ಸೀಟು. ಇವರು ನಮಗೆ ಮೆರಿಟ್ ಪಾಠ ಹೇಳ್ತಾರೆ.

ಈಗ ದುಡ್ಡಿನ ಸೀಟು ಬಿಡಿ. "ನಮ್ಮ ಮಗ ಒಂದು ಪೈಸೆ ಡೊನೇಷನ್ ಕೊಟ್ಟಿಲ್ಲ, ಸ್ವಂತ ಶ್ರಮದಿಂದ ಐಐಟಿ ಸೇರಿದ" ಅನ್ನೋರ ಮಾತಿಗೆ ಬರೋಣ. ಆ ಹುಡುಗನ ಶ್ರಮವನ್ನ ನಾನು ಅಲ್ಲಗಳೆಯಲ್ಲ. ಎರಡು ವರ್ಷ ಆಟ, ಸಿನಿಮಾ, ಮದುವೆ ಮುಂಜಿ ಎಲ್ಲಾ ಬಿಟ್ಟು ಓದಿರ್ತಾನೆ. ನಿದ್ದೆಗೆಟ್ಟಿರ್ತಾನೆ. ಅದು ಅವನದ್ದೇ. ನನ್ನ ಪ್ರಶ್ನೆ ಅವನು ಓಡಿದ್ದರ ಬಗ್ಗೆ ಅಲ್ಲ, ಓಟ ಎಲ್ಲಿಂದ ಶುರುವಾಯ್ತು ಅನ್ನೋದರ ಬಗ್ಗೆ. ಆಸ್ತಿ ವಿಷಯ ಬಂದಾಗ ನಾವು ಪಹಣಿ ತೆಗೆಸಿ ನೋಡ್ತೀವಲ್ಲ, ಹಂಗೆ ಈ ಮೆರಿಟ್‌ನ ಪಹಣಿಯನ್ನೂ ತೆಗೆಸಿ ನೋಡೋಣ. ಯಾರ ಹೆಸರಿಂದ ಯಾರ ಹೆಸರಿಗೆ ಖಾತೆ ಆಗಿದೆ?

ಅಜ್ಜ ಓದಿದ್ದ. ಅಪ್ಪ ಎಂಜಿನಿಯರ್. ಅಮ್ಮನಿಗೆ ಇಂಗ್ಲಿಷ್ ಬರುತ್ತೆ. ಮನೇಲಿ ಓದೋಕೆ ಒಂದು ರೂಮು. ಎಂಟನೇ ಕ್ಲಾಸಿಗೇ ಫೌಂಡೇಶನ್ ಕೋರ್ಸು. ಪಿಯುಸಿಗೆ ಕಾಲೇಜು, ಕೋಚಿಂಗು, ಹಾಸ್ಟೆಲ್ಲು ಎಲ್ಲಾ ಒಂದೇ ಕಾಂಪೌಂಡಿನೊಳಗೆ ಇರೋ ಇಂಟಿಗ್ರೇಟೆಡ್ ಕ್ಯಾಂಪಸ್ಸು, ಲಕ್ಷಗಟ್ಟಲೆ ಫೀಸು. ಒಂದು ವರ್ಷ ರ‍್ಯಾಂಕ್ ಬರಲಿಲ್ಲ ಅಂದ್ರೆ ಲಾಂಗ್ ಟರ್ಮ್ ಅಂತ ಇನ್ನೊಂದು ವರ್ಷ ಮನೇಲಿ ಕೂರಿಸಿ ಓದಿಸೋ ಶಕ್ತಿ. ಯಾವ ಬ್ರಾಂಚ್ ತಗೋಬೇಕು, ಯಾವ ಆಪ್ಷನ್ ಮೊದಲು ಹಾಕಬೇಕು ಅಂತ ಹೇಳೋಕೆ ಹಳೆ ಐಐಟಿಯ ಸೋದರಮಾವ. ಇದಿಷ್ಟೂ ಆದ ಮೇಲೆ ಮೂರು ಗಂಟೆಯ ಪರೀಕ್ಷೆ. ಆ ಮೂರು ಗಂಟೆಯನ್ನ ಮಾತ್ರ ತೋರಿಸಿ, ಹಿಂದಿನ ಮೂರು ತಲೆಮಾರನ್ನ ಮುಚ್ಚಿಟ್ಟರೆ ಅದಕ್ಕೆ ಮೆರಿಟ್ ಅನ್ನೋ ಹೆಸರು ಬರುತ್ತೆ.

ಪರೀಕ್ಷೆಯೂ ಅಷ್ಟೇ. ಜೆಇಇ ಮೇನ್ ಅನ್ನ 2021ರಿಂದ ಕನ್ನಡದಲ್ಲೂ ಬರೀಬಹುದು. ಆದರೆ ಐಐಟಿಗೆ ಹೋಗೋಕೆ ಅದಾದ ಮೇಲೆ ಬರೆಯೋ ಜೆಇಇ ಅಡ್ವಾನ್ಸ್ಡ್ ಇರೋದು ಇಂಗ್ಲಿಷ್ ಮತ್ತೆ ಹಿಂದಿಯಲ್ಲಿ ಮಾತ್ರ. ಹೊರಬಾಗಿಲ ತನಕ ಕನ್ನಡಕ್ಕೆ ಪ್ರವೇಶ ಇದೆ, ಗರ್ಭಗುಡಿಗೆ ಇಲ್ಲ. ಬಾಗಿಲ ಬಳಿ ನಿಲ್ಲಿಸೋ ಈ ಪದ್ಧತಿ ನಮಗೆ ಹೊಸದೇನಲ್ಲ ಬಿಡಿ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಹೋಗೋಕೆ ಬರೆಯೋ ಕ್ಲ್ಯಾಟ್ ಪೂರ್ತಿ ಇಂಗ್ಲಿಷ್. ರಾಯಚೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗಿಗೆ ನ್ಯಾಯ ಅಂದ್ರೇನು ಅನ್ನೋದು ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯ ಹುಡುಗನಿಗಿಂತ ಚೆನ್ನಾಗಿ ಗೊತ್ತಿರಬಹುದು. ಆದರೆ ಆ ಎರಡು ಗಂಟೆಯಲ್ಲಿ ಅಳೆಯೋದು ಯಾರು ಎಷ್ಟು ಬೇಗ ಇಂಗ್ಲಿಷ್ ಪ್ಯಾರಾ ಓದಿ ಮುಗಿಸ್ತಾರೆ ಅನ್ನೋದನ್ನ. ಮನೆಮಾತಿನ ಹಾಗೆ ಇಂಗ್ಲಿಷ್ ಕೇಳಿ ಬೆಳೆದವನಿಗೆ ಆ ವೇಗ ಹುಟ್ಟಿನಿಂದ ಬಂದ ಗಂಟು.

ಮೆರಿಟ್ ಇದ್ದೂ ಸೀಟು ಕೈತಪ್ಪೋದು ಹೇಗೆ ಅಂತ ನೋಡಬೇಕಾ? 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ದಿನಗೂಲಿ ಕಾರ್ಮಿಕರೊಬ್ಬರ ಮಗ ಜೆಇಇ ಅಡ್ವಾನ್ಸ್ಡ್ ಪಾಸು ಮಾಡಿ ಐಐಟಿ ಧನ್‌ಬಾದ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ತಗೊಂಡ. ದಲಿತ ಹುಡುಗ. ಅವನಿಗೆ ಅದು ಕೊನೇ ಅವಕಾಶ. ಸೀಟು ಉಳಿಸಿಕೊಳ್ಳೋಕೆ ಕಟ್ಟಬೇಕಾಗಿದ್ದು 17,500 ರೂ. ಜೂನ್ 24ರ ಸಂಜೆ 5 ಗಂಟೆಯೊಳಗೆ. ಊರಿನವರ ಹತ್ರ ಕೈಚಾಚಿ ದುಡ್ಡು ಹೊಂದಿಸೋ ಹೊತ್ತಿಗೆ ಕೆಲವೇ ನಿಮಿಷ ತಡವಾಗಿ ಪೋರ್ಟಲ್ ಮುಚ್ಚಿತ್ತು. ಸೀಟು ಹೋಯ್ತು. ಆ ಹುಡುಗ ಪರಿಶಿಷ್ಟ ಜಾತಿಗಳ ಆಯೋಗ, ಜಾರ್ಖಂಡ್, ಮದ್ರಾಸ್ ಅಂತ ಅಲೆದು ಕೊನೆಗೆ ಸುಪ್ರೀಂ ಕೋರ್ಟಿಗೆ ಬಂದ. ಸೆಪ್ಟೆಂಬರ್ 30ಕ್ಕೆ ಕೋರ್ಟು ತನ್ನ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಸೀಟು ವಾಪಸ್ ಕೊಡಿಸಿತು.

ಒಳ್ಳೇದಾಯ್ತು. ನಾವೆಲ್ಲಾ ಶೇರ್ ಮಾಡಿ ಸಂಭ್ರಮಿಸಿದ್ವಿ. ಆದರೆ ಒಂದು ಕ್ಷಣ ಯೋಚನೆ ಮಾಡಿ. ಈ 17,500 ರೂಪಾಯಿಯನ್ನ ಫೋನಿನಲ್ಲೇ ಅರೆ ನಿಮಿಷದಲ್ಲಿ ಕಟ್ಟಿ ಮುಗಿಸೋ ಮನೆಗಳ ಮಕ್ಕಳಿಗೆ ಅದೊಂದು ಪರೀಕ್ಷೆ ಅಂತಲೇ ಅನ್ನಿಸಿರಲ್ಲ. ಈ ಹುಡುಗನಿಗೆ ಅದು ಜೆಇಇಗಿಂತ ಕಷ್ಟದ ಪರೀಕ್ಷೆಯಾಯ್ತು. ಸುಪ್ರೀಂ ಕೋರ್ಟ್ ತನಕ ಹೋಗಲಾರದೆ, ಪೋರ್ಟಲ್ ಮುಚ್ಚಿದ ಸಂಜೆಯೇ ಅಪ್ಪನ ಜೊತೆ ಕೂಲಿಗೆ ಹೊರಟವರು ಎಷ್ಟು ಜನರೋ. ಅವರ ಹೆಸರು ಯಾವ ತೀರ್ಪಿನಲ್ಲೂ ಇಲ್ಲ.

ಮೆರಿಟ್ ಅನ್ನೋ ಮಾತು ಯಾವಾಗ ಜೋರಾಗುತ್ತೆ ಅನ್ನೋದನ್ನ ಚರಿತ್ರೆಯಲ್ಲಿ ಹುಡುಕಿ. ಒಂದು ಕ್ರಮ ಕಾಣುತ್ತೆ.

ನಮ್ಮ ಮೈಸೂರಿನಿಂದಲೇ ಶುರು ಮಾಡ್ತೀನಿ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದ ಕೈಲಿತ್ತು. 1917ರಲ್ಲಿ ಬ್ರಾಹ್ಮಣೇತರರು ಪ್ರಜಾಮಿತ್ರ ಮಂಡಳಿ ಕಟ್ಟಿ ಪಾಲು ಕೇಳಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಹಿಂದುಳಿದವರ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋಕೆ ವಿರೋಧ ಇರಲಿಲ್ಲ. ಹುದ್ದೆಯಲ್ಲಿ ಪಾಲು ಅಂದಾಗ ಮಾತ್ರ ಆಡಳಿತದ ದಕ್ಷತೆ ಅಡ್ಡ ಬಂತು. ಆ ಭಿನ್ನಾಭಿಪ್ರಾಯದ ನಡುವೆಯೇ ಅವರು ದಿವಾನಗಿರಿ ಬಿಟ್ಟು ಹೊರಟರು. ಅಣೆಕಟ್ಟು ಕಟ್ಟಿದ್ದಕ್ಕೆ ಅವರಿಗೆ ಸಲಾಂ. ಆದರೆ ನೀರನ್ನ ಪಾಲು ಮಾಡಿದ ಹಾಗೆ ಅಧಿಕಾರವನ್ನೂ ಪಾಲು ಮಾಡಿದರೆ ಸಂಸ್ಥಾನ ಮುಳುಗಲ್ಲ ಅನ್ನೋದನ್ನ ತೋರಿಸಿದ್ದು ನಾಲ್ವಡಿಯವರು.

ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದ ಹಾರ್ವರ್ಡ್‌ನಲ್ಲಿ ಇನ್ನೊಂದು ಕಥೆ. ಬಡ ಯಹೂದಿ ವಲಸಿಗರ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದುಬಿಟ್ಟರು. 1922ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಲೋವೆಲ್, ಯಹೂದಿಗಳಿಗೆ ಮಿತಿ ಹಾಕಬೇಕು ಅಂದ. ನೇರವಾಗಿ ಮಿತಿ ಹಾಕೋಕೆ ವಿರೋಧ ಬಂತು. ಆಗ ಮಾಡಿದ್ದೇನು ಗೊತ್ತಾ? ಮೆರಿಟ್‌ನ ಅರ್ಥವನ್ನೇ ಬದಲಿಸಿದರು. ಮಾರ್ಕ್ಸ್ ಒಂದೇ ಸಾಲದು, "ಚಾರಿತ್ರ್ಯ" ನೋಡಬೇಕು, "ವ್ಯಕ್ತಿತ್ವ" ನೋಡಬೇಕು ಅಂದರು. ಯಹೂದಿ ಮಕ್ಕಳ ಸಂಖ್ಯೆ ಇಳೀತು. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಮಣೆ ಹಾಕೋ ಪದ್ಧತಿ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ್ದು ಅದೇ ಕಾಲದಲ್ಲಿ. ಅಂದ್ರೆ ಕೆಳಗಿನವರಿಗೆ ಮಾರ್ಕ್ಸ್ ಬರಲ್ಲ ಅನ್ನೋ ತನಕ ಮಾರ್ಕ್ಸೇ ಮೆರಿಟ್. ಮಾರ್ಕ್ಸ್ ಬರೋಕೆ ಶುರುವಾದ ಕೂಡಲೇ ಮೆರಿಟ್ ಇನ್ನೇನೋ ಆಗುತ್ತೆ.

ಆ ಪದ್ಧತಿ ಇವತ್ತಿಗೂ ಸತ್ತಿಲ್ಲ. ಹಾರ್ವರ್ಡ್ ಮೇಲಿನ ಕೇಸಿನಲ್ಲಿ ಹೊರಬಿದ್ದ ದಾಖಲೆಗಳನ್ನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಅಲ್ಲಿ ಸೀಟು ಸಿಕ್ಕ ಬಿಳಿಯರಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಜನ ಹಳೆ ವಿದ್ಯಾರ್ಥಿಗಳ ಮಕ್ಕಳು, ಸಿಬ್ಬಂದಿ ಮಕ್ಕಳು, ದಾನಿಗಳ ಕಡೆಯವರು ಅಥವಾ ಕ್ರೀಡೆಗೆ ಅಂತ ಆರಿಸಿಕೊಂಡವರು ಅಂತ ಗೊತ್ತಾಯ್ತು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕರಿಯರನ್ನ ಗಮನದಲ್ಲಿಟ್ಟು ಸೀಟು ಕೊಡೋದನ್ನ ರದ್ದು ಮಾಡಿತು. ಅಪ್ಪ ಓದಿದ ಕಾಲೇಜಿನಲ್ಲಿ ಮಗನಿಗೆ ಕೊಡೋ ರಿಯಾಯಿತಿ ಹಂಗೇ ಉಳೀತು. ಅದೇ ವರ್ಷ ರಾಜ್ ಚೆಟ್ಟಿ ಮತ್ತವರ ಸಂಗಡಿಗರ ಅಧ್ಯಯನ ಇನ್ನೊಂದು ವಿಷಯ ಹೇಳಿತು. ಒಂದೇ ಅಂಕ ತಗೊಂಡ ಮಧ್ಯಮ ವರ್ಗದ ಮಗುವಿಗೆ ಹೋಲಿಸಿದರೆ ಅತಿ ಶ್ರೀಮಂತ ಶೇ. 1ರ ಮನೆಯ ಮಗುವಿಗೆ ಆ ದೇಶದ ಅತಿ ಪ್ರತಿಷ್ಠಿತ ಕಾಲೇಜು ಸೇರೋ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಅಂಕ ಒಂದೇ. ಅಪ್ಪ ಬೇರೆ.

ಮೂರನೇ ಕಥೆ 1951ರ ಮದ್ರಾಸಿನದ್ದು. ಚಂಪಕಂ ದೊರೈರಾಜನ್ ಅನ್ನೋ ಬ್ರಾಹ್ಮಣ ಮಹಿಳೆ, ಮದ್ರಾಸ್ ಸರ್ಕಾರದ ಕಮ್ಯುನಲ್ ಜಿಓದಿಂದ ತನಗೆ ಮೆಡಿಕಲ್ ಸೀಟು ಸಿಗಲ್ಲ ಅಂತ ಕೋರ್ಟಿಗೆ ಹೋದರು. ಗೆದ್ದರು. ಆ ಜಿಓ ಬಿದ್ದುಹೋಯ್ತು. ಕೋರ್ಟಿನ ದಾಖಲೆಯಲ್ಲೇ ಒಂದು ಸಂಗತಿ ಇದೆ: ಅವರು ಆ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಕೇಳದ ಸೀಟಿನ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ತನಕ ಹೋಗೋ ಆತ್ಮವಿಶ್ವಾಸ ಒಂದು ಕಡೆ. ಸಿಕ್ಕ ಸೀಟಿನಲ್ಲಿ ಕೂರೋಕೂ ಹಿಂಜರಿಯೋ ನಮ್ಮ ಮಕ್ಕಳು ಇನ್ನೊಂದು ಕಡೆ. ಈ ಆತ್ಮವಿಶ್ವಾಸವೂ ತಲೆಮಾರಿನಿಂದ ಬಂದ ಆಸ್ತಿಯೇ ಅಲ್ವಾ? ಆ ತೀರ್ಪಿನ ನಂತರವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಆಗಿ 15(4)ನೇ ವಿಧಿ ಬಂತು. ಇವತ್ತು ನಾವು ಕಾಲೇಜಿನೊಳಗೆ ಇರೋದು ಅದರ ಬಲದಿಂದ.

ಬಾಬಾಸಾಹೇಬರ ವಿಷಯವನ್ನೂ ಹೇಳಿಬಿಡ್ತೀನಿ. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಬಂದ ಅಂಕ 750ಕ್ಕೆ 282. ಸಂಸ್ಕೃತ ಓದಬೇಕು ಅಂತ ಆಸೆ ಇತ್ತು. ಅಸ್ಪೃಶ್ಯ ಅಂತ ಕಲಿಸಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಇವತ್ತಿನ ಮೆರಿಟ್‌ವಾದಿಗಳ ಕೈಗೆ ಆ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ರೆ ಏನು ಮಾಡ್ತಿದ್ರು? "ಸಾರಿ, ನೆಕ್ಸ್ಟ್" ಅಂತಿದ್ರು. ಬರೋಡಾದ ಸಯಾಜಿರಾವ್ ಗಾಯಕವಾಡರು ಹಂಗನ್ನಲಿಲ್ಲ, ಸ್ಕಾಲರ್‌ಶಿಪ್ ಕೊಟ್ಟು 1913ರಲ್ಲಿ ಕೊಲಂಬಿಯಾಗೆ ಕಳಿಸಿದರು. ಆ ಮೇಲೆ ಆಗಿದ್ದು ನಿಮಗೆಲ್ಲಾ ಗೊತ್ತು. ಬಾಗಿಲು ತೆಗೆದ ಮೇಲೆ ಕಾಣಿಸೋ ಪ್ರತಿಭೆಯನ್ನ ಬಾಗಿಲಲ್ಲೇ ಅಳೆಯೋಕೆ ಆಗಲ್ಲ. ಇದು ಭಾವನೆಯ ಮಾತಲ್ಲ. ನಾವು ದಿನಾ ಓದೋ ಸಂವಿಧಾನವೇ ಇದಕ್ಕೆ ಸಾಕ್ಷಿ.

ಇನ್ನು ಒಳಗೆ ಹೋದ ಮೇಲಿನ ಪಾಡು. ನಾನು ಪಿಯುಸಿಗೆ ಊರು ಬಿಟ್ಟು ನಗರದ ಕಾಲೇಜೊಂದಕ್ಕೆ ಸೇರಿದ ಮೊದಲ ತಿಂಗಳು ಲೆಕ್ಚರರ್ ಒಬ್ಬರು ಸ್ಕಾಲರ್‌ಶಿಪ್ ಫಾರಂ ಹಿಡ್ಕೊಂಡು ಬಂದು, "ಎಸ್‌ಸಿ ಎಸ್‌ಟಿಗಳು ಎದ್ದು ನಿಂತ್ಕೊಳ್ಳಿ" ಅಂದರು. ಎಂಬತ್ತು ಜನರ ಕ್ಲಾಸಲ್ಲಿ ಹನ್ನೊಂದು ಜನ ಎದ್ದು ನಿಂತ್ವಿ. ಅವತ್ತಿನ ತನಕ ನನ್ನ ಪಕ್ಕ ಕೂತು ನೋಟ್ಸ್ ಹಂಚಿಕೊಳ್ತಿದ್ದವನು ಮಾರನೇ ದಿನ ಬೇರೆ ಬೆಂಚಿಗೆ ಹೋದ. ಒಂದು ಮಾತೂ ಆಡಲಿಲ್ಲ. ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನಕ್ಕೆ ಇಂಥದ್ದೇ ಒಂದು ದಿನ ನೆನಪಾಗಿರುತ್ತೆ. ದೊಡ್ಡ ಸಂಸ್ಥೆಗಳಲ್ಲಿ ಎದ್ದು ನಿಲ್ಲಿ ಅನ್ನಲ್ಲ, ಅಲ್ಲಿನವರು ನಾಜೂಕು. "ನಿನ್ನ ರ‍್ಯಾಂಕ್ ಎಷ್ಟು?" ಅಂತಾರೆ. ಹಾಸ್ಟೆಲ್ಲಿನ ಮೊದಲ ರಾತ್ರಿ ಕೇಳೋ ಆ ಪ್ರಶ್ನೆ ಜಾತಿ ಕೇಳೋ ಪ್ರಶ್ನೆಯೇ.

2023ರ ಕೊನೆಯಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರದ ಪ್ರಕಾರ, ಐದು ವರ್ಷದಲ್ಲಿ ಕೇಂದ್ರೀಯ ವಿವಿ, ಐಐಟಿ, ಐಐಎಂಗಳನ್ನ ಅರ್ಧಕ್ಕೇ ಬಿಟ್ಟ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳ ಸಂಖ್ಯೆ 13,500ಕ್ಕೂ ಹೆಚ್ಚು. ಬೇರೆ ಕೋರ್ಸಿಗೆ ಹೋಗ್ತಾರೆ, ಬೇರೆ ಕಾಲೇಜಿಗೆ ಹೋಗ್ತಾರೆ ಅಂತ ಸರ್ಕಾರ ಕಾರಣ ಹೇಳಿತು. ಹಾಗೆ ಹೋದವರೂ ಇರಬಹುದು. ಆದರೆ 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿವಿಯಲ್ಲಿ ರೋಹಿತ್ ವೇಮುಲ ಯಾವ ಬೇರೆ ಕೋರ್ಸಿಗೂ ಹೋಗಲಿಲ್ಲ. ಆಮೇಲೆ ನಾವು ಕಳ್ಕೊಂಡ ಮಕ್ಕಳೂ ಹೋಗಲಿಲ್ಲ. ಅವರ ಹೆಸರಿನಲ್ಲಿ ಕಾಯ್ದೆ ತರ್ತೀವಿ ಅಂತ ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಹೇಳಿದ್ದನ್ನ ನಾವು ಮರೀಬಾರದು, ಅವರಿಗೂ ಮರೆಯೋಕೆ ಬಿಡಬಾರದು.

"ಹಂಗಾದ್ರೆ ಜಾತಿ ಬೇಡ, ಬಡತನ ನೋಡಿ ಕೊಡಿ" ಅನ್ನೋರು ಈ ಹೊತ್ತಿಗೆ ಕಾಮೆಂಟ್ ಬರೆಯೋಕೆ ಶುರು ಮಾಡಿರ್ತಾರೆ. ಕೊಟ್ಟಾಯ್ತಲ್ಲ ಸ್ವಾಮಿ. 2019ರ ಜನವರಿ 8ರಂದು ಲೋಕಸಭೆ, 9ರಂದು ರಾಜ್ಯಸಭೆ, 12ಕ್ಕೆ ರಾಷ್ಟ್ರಪತಿ ಅಂಕಿತ, 14ಕ್ಕೆ ಜಾರಿ. ಒಂದೇ ವಾರದಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ಆಗಿ ಇಡಬ್ಲ್ಯೂಎಸ್‌ಗೆ ಶೇ. 10 ಬಂತು. ಅದರಲ್ಲಿ ಬಡ ದಲಿತರಿಗೆ, ಬಡ ಆದಿವಾಸಿಗಳಿಗೆ, ಬಡ ಹಿಂದುಳಿದವರಿಗೆ ಜಾಗ ಇಲ್ಲ. ಆದಾಯ ಮಿತಿ ವರ್ಷಕ್ಕೆ 8 ಲಕ್ಷ. ಕೇಂದ್ರದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಪಡೆಯೋಕೆ ದಲಿತ ಕುಟುಂಬದ ಆದಾಯ 2.5 ಲಕ್ಷ ಮೀರಬಾರದು. ಅಂದ್ರೆ 3 ಲಕ್ಷ ದುಡಿಯೋ ನಮ್ಮಪ್ಪ ಸ್ಥಿತಿವಂತ, ಏಳೂಮುಕ್ಕಾಲು ಲಕ್ಷ ದುಡಿಯೋ ಅವರಪ್ಪ ಬಡವ. ಈ ಶೇ. 10 ಬಂದಾಗ ಮೆರಿಟ್ ಸತ್ತೋಯ್ತು ಅಂತ ಯಾರಾದರೂ ಏಪ್ರನ್ ಹಾಕ್ಕೊಂಡು ರಸ್ತೆ ಗುಡಿಸಿದ್ದನ್ನ ನೋಡಿದ್ದೀರಾ? ನಾನು ನೋಡಿಲ್ಲ.

ಇನ್ನೊಂದು ಬಾಣ ಇದೆ: "ಐಎಎಸ್ ಆಫೀಸರ್ ಮಗನಿಗೂ ಮೀಸಲಾತಿ ಬೇಕಾ? ಅದು ಪಿತ್ರಾರ್ಜಿತ ಅಲ್ವಾ?" ಇದಕ್ಕೆ ಮುಖ ತಿರುಗಿಸಬಾರದು, ಉತ್ತರ ಕೊಡಬೇಕು. ಅಸ್ಪೃಶ್ಯತೆ ಸಂಬಳದ ಸ್ಲಿಪ್ ನೋಡಿ ಬರಲ್ಲ. ಆಫೀಸರ್ ಮಗನಿಗೂ ಬಾಡಿಗೆ ಮನೆ ಕೇಳೋವಾಗ "ನೀವು ಯಾವ ಜನ?" ಅನ್ನೋ ಪ್ರಶ್ನೆ ತಪ್ಪಲ್ಲ. ಆದರೆ ನಮ್ಮೊಳಗೆ ಯಾರಿಗೆ ಏನೂ ಮುಟ್ಟಿಲ್ಲ ಅನ್ನೋ ಪ್ರಶ್ನೆಯನ್ನ ಮೊದಲು ಎತ್ತಿದವರು ಆ ಮೆಸೇಜ್ ಕಳಿಸೋರಲ್ಲ, ನಾವೇ. ಒಳಮೀಸಲಾತಿಗೆ ಮೂವತ್ತು ವರ್ಷ ತಮಟೆ ಹೊಡ್ಕೊಂಡು ನಡೆದವರು ನಮ್ಮ ಮಾದಿಗ ಬಂಧುಗಳು. ನಮಗೆ ಪ್ರತ್ಯೇಕ ಶೇ. 1 ಕೊಡಿ ಅಂತ ಬೀದಿಗಿಳಿದವರು ನಮ್ಮ ಅಲೆಮಾರಿಗಳು. ಪಾಲಿನೊಳಗೆ ನ್ಯಾಯವಾದ ಪಾಲು ಕೇಳೋದು ಬೇರೆ, ಪಾಲನ್ನೇ ಕಿತ್ತುಕೊಳ್ಳೋಕೆ ಅದನ್ನ ನೆಪ ಮಾಡೋದು ಬೇರೆ. ಮೊದಲನೆಯದಕ್ಕೆ ನಾವು ತಯಾರಿದ್ದೀವಿ. ಎರಡನೆಯದಕ್ಕೆ ಇಲ್ಲ.

ಈಗ ಬಹಳ ಮುಖ್ಯವಾದ ವಿಷಯ. ಈ ಪೋಸ್ಟ್ ಬರೆದಿದ್ದೇ ಇದಕ್ಕೆ. ನಾವು ಐಐಟಿ, ಏಮ್ಸ್ ಅಂತ ಸರ್ಕಾರಿ ಬಾಗಿಲಲ್ಲೇ ಹೋರಾಡ್ತಾ ಇದ್ದಾಗ, ದೊಡ್ಡೋರು ಸದ್ದಿಲ್ಲದೆ ಹೊಸ ಬಾಗಿಲು ಕಟ್ಟಿಕೊಂಡಿದ್ದಾರೆ. ಈಗಿನ ಪ್ರತಿಷ್ಠಿತ ಶಿಕ್ಷಣ ದಿನೇ ದಿನೇ ಖಾಸಗಿ ವಿಶ್ವವಿದ್ಯಾಲಯಗಳ ಕಡೆ ಹೊರಳ್ತಾ ಇದೆ. ಇನಾಮ್ದಾರ್ ತೀರ್ಪಿಗೆ ಉತ್ತರವಾಗಿ ಸಂಸತ್ತು 93ನೇ ತಿದ್ದುಪಡಿ ಮಾಡಿ 15(5)ನೇ ವಿಧಿ ತಂತು. ಖಾಸಗಿ ಶಿಕ್ಷಣ ಸಂಸ್ಥೆಗಳಲ್ಲೂ ಎಸ್‌ಸಿ, ಎಸ್‌ಟಿ, ಹಿಂದುಳಿದವರಿಗೆ ಸೀಟು ಇಡೋ ಕಾನೂನು ಮಾಡಬಹುದು ಅಂತ ಅದು ಹೇಳುತ್ತೆ. 2006ರ ಜನವರಿಯಿಂದ ಜಾರಿಯಲ್ಲಿದೆ. 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದು ಸರಿ ಅಂತ ಎತ್ತಿಹಿಡಿದಿದೆ. ಆದರೆ ಖಾಸಗಿ ಸಂಸ್ಥೆಗಳಿಗೆ ಅನ್ವಯಿಸೋ ಕೇಂದ್ರ ಕಾನೂನು ಬರಲೇ ಇಲ್ಲ. ಅವರ ಶೇ. 10ಕ್ಕೆ ಒಂದು ವಾರ ಸಾಕಾಯ್ತು. ನಮ್ಮ ಕಾನೂನಿಗೆ ಎರಡು ದಶಕ ಸಾಕಾಗಿಲ್ಲ.

ಕಾನೂನು ಇಲ್ಲದಿದ್ದರೆ ಏನಾಗುತ್ತೆ? 2025ರ ಆಗಸ್ಟ್‌ನಲ್ಲಿ ಶಿಕ್ಷಣ ಕುರಿತ ಸಂಸದೀಯ ಸ್ಥಾಯಿ ಸಮಿತಿ, ದೇಶದ ಮೂರು ಹೆಸರುವಾಸಿ ಖಾಸಗಿ ಸಂಸ್ಥೆಗಳ ಅಂಕಿಅಂಶ ಮುಂದಿಟ್ಟಿತು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಎಸ್‌ಸಿ ಶೇ. 1ಕ್ಕಿಂತ ಕಡಿಮೆ. ಎಸ್‌ಟಿ ಶೇ. 0.5ರ ಆಸುಪಾಸು. ದೇಶದ ಜನಸಂಖ್ಯೆಯಲ್ಲಿ ನಾವು ಆರರಲ್ಲಿ ಒಬ್ಬರು, ಆ ಕ್ಯಾಂಪಸ್ಸಿನಲ್ಲಿ ನೂರರಲ್ಲಿ ಒಬ್ಬರೂ ಇಲ್ಲ. ಕೋಟಾ ಇಲ್ಲದ, ಬರೀ "ಮೆರಿಟ್" ಇರೋ ಭಾರತ ಹೇಗಿರುತ್ತೆ ಅಂತ ಯಾರಿಗಾದರೂ ನೋಡಬೇಕು ಅನ್ನಿಸಿದರೆ ಅಲ್ಲಿಗೆ ಹೋಗಿ ನೋಡಲಿ. ಅದು ಅಗ್ರಹಾರದ ಥರಾನೇ ಇರುತ್ತೆ, ಏಸಿ ಮಾತ್ರ ಹೆಚ್ಚಿಗೆ. ಶೇ. 15, 7.5, 27ರ ಲೆಕ್ಕದಲ್ಲಿ ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ಕೊಡೋ ಕಾನೂನು ಮಾಡಿ ಅಂತ ಅದೇ ಸಮಿತಿ ಶಿಫಾರಸು ಮಾಡಿದೆ. ಅಂದ್ರೆ ಇದು ಬರೀ ನಮ್ಮ ಕೂಗಲ್ಲ, ಸಂಸತ್ತಿನ ಸಮಿತಿಯ ಲಿಖಿತ ಶಿಫಾರಸು. ಅದನ್ನ ಧೂಳು ತಿನ್ನೋಕೆ ಬಿಡಬೇಕಾ ಬೇಡವಾ ಅನ್ನೋದು ನಮ್ಮ ಕೈಲಿದೆ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ ಕೇಳೋದು ಇಷ್ಟು. ನಿಮ್ಮ ಕ್ಷೇತ್ರದ ಎಂಪಿಗೆ, ಅವರು ಯಾವ ಪಕ್ಷದವರೇ ಆಗಿರಲಿ, 15(5)ರ ಕಾನೂನು ಎಲ್ಲಿ ಅಂತ ಲಿಖಿತವಾಗಿ ಕೇಳಿ. ಮೀಸಲು ಕ್ಷೇತ್ರದಿಂದ ಗೆದ್ದವರನ್ನ ಮೊದಲು ಕೇಳಿ. ಪತ್ರಕ್ಕೆ ಸ್ವೀಕೃತಿ ತಗೊಳ್ಳಿ. ಜಯಂತಿಗೆ ಹೂವಿನ ಹಾರ ತರೋರ ಕೈಗೇ ಈ ಪ್ರಶ್ನೆ ಕೊಡಿ. ಹಾಗೇ ಪ್ರತಿ ತಾಲೂಕಿನಲ್ಲೂ ಕೌನ್ಸೆಲಿಂಗ್ ತಿಂಗಳಲ್ಲಿ ಒಂದು ಸಣ್ಣ ನಿಧಿ ಇರಲಿ. ಲಕ್ಷಗಟ್ಟಲೆ ಬೇಡ. ಐವತ್ತು ಜನ ತಲಾ ಐನೂರು ಹಾಕಿದರೆ 25,000 ಆಗುತ್ತೆ. ಒಂದು 17,500ಕ್ಕಾಗಿ ನಮ್ಮ ಊರಿನ ಯಾವ ಮಗುವೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತೋ ಹಂಗಾಗಬಾರದು. ಒಳಗೆ ಹೋಗಿ ಗೆದ್ದು ಬಂದವರು ಆಪ್ಷನ್ ಎಂಟ್ರಿಗೆ ಕೂತು ಸಹಾಯ ಮಾಡಿ. ಅವರಿಗೆ ಸೋದರಮಾವ ಇದ್ದಾನೆ, ನಮ್ಮ ಮಕ್ಕಳಿಗೆ ನೀವಿದ್ದೀರಿ.

ಈ ವರ್ಷ ಸೀಟು ತಗೊಳ್ತಿರೋ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. "ಜನರಲ್‌ನಲ್ಲೇ ತಗೊಂಡು ತೋರಿಸು ನೋಡೋಣ" ಅಂತ ಯಾರೋ ಕೆಣಕಿದರು ಅಂತ ಕ್ಯಾಟಗರಿ ಕಾಲಂ ಖಾಲಿ ಬಿಡಬೇಡಿ. ಜನರಲ್ ಅನ್ನೋದು ಮೇಲ್ಜಾತಿಯವರ ಕೋಟಾ ಅಲ್ಲ, ಎಲ್ಲರಿಗೂ ತೆರೆದ ಸೀಟು. ಕ್ಯಾಟಗರಿ ಬರೆದಿದ್ದರೂ ನಿಮ್ಮ ರ‍್ಯಾಂಕ್ ಆ ಮಟ್ಟಕ್ಕೆ ಬಂದಿದ್ದರೆ ನಿಮಗೆ ಮೊದಲು ಓಪನ್ ಸೀಟೇ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಬರಲಿಲ್ಲ ಅಂದ್ರೆ ಮೀಸಲು ಸೀಟಿನಲ್ಲಿ ತಲೆ ಎತ್ತಿ ಕೂತ್ಕೊಳ್ಳಿ. 2022ರಲ್ಲಿ ನೀಟ್ ಕೇಸಿನಲ್ಲಿ ಅದೇ ಕೋರ್ಟು, ಪರೀಕ್ಷೆಯ ಅಂಕವೊಂದೇ ಮೆರಿಟ್ ಅಲ್ಲ, ಅದರ ಹಿಂದಿನ ಸಾಮಾಜಿಕ ಅನುಕೂಲಗಳನ್ನೂ ನೋಡಬೇಕು ಅಂತ ಬರೆದಿದೆ. ಯಾರಾದರೂ ರ‍್ಯಾಂಕ್ ಕೇಳಿದರೆ ಹೇಳಿ. ಹೇಳಿದ ಮೇಲೆ ನೀವೂ ಕೇಳಿ: "ನಿಮ್ಮ ಮನೇಲಿ ಮೊದಲು ಕಾಲೇಜಿಗೆ ಹೋದವರು ಯಾರು? ಯಾವ ವರ್ಷ?" ಅವರು ಅಜ್ಜನ ಹೆಸರು ಹೇಳ್ತಾರೆ. ನೀವು ನಿಮ್ಮ ಹೆಸರು ಹೇಳಿ.

ಆ ಹಾರ್ಟ್ ಆಪರೇಷನ್ ಮೆಸೇಜು ಮತ್ತೆ ಬಂದರೆ ಈ ಪೋಸ್ಟಿನ ಲಿಂಕ್ ಕಳಿಸಿ. ಜೊತೆಗೆ 15(5)ರ ಕಾನೂನು ಯಾಕೆ ಇನ್ನೂ ಬಂದಿಲ್ಲ ಅಂತ ಕೇಳಿ.

ಜೈಭೀಮ್.